ಆರು ಟಿಬಿ ಯಕ್ಷಗಾನ ಸಂಗ್ರಹಕ್ಕೆ ಯಾವ ಕ್ಲೌಡ್ ಬ್ಯಾಕಪ್ ತಂತ್ರಾಂಶ ಸೂಕ್ತ?

ಮದ್ದಳೆದನಿ, ಹೊನ್ನಾವರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1980ರ ದಶಕದಿಂದ ತಾಳಮದ್ದಳೆ, ಬಯಲಾಟಗಳನ್ನು ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದವರು. ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮುಗಿಯುತ್ತ ಬಂದಿದೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಎಷ್ಟೋ ಕ್ಯಾಸೆಟ್‌ಗಳ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಕೆಲವನ್ನು ನುಡಿಸಿದರೆ ಕಂದು ಪುಡಿ ಉದುರಿ ಪ್ಲೇಯರಿನ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಅಂಥವನ್ನು ಇನ್ನೊಮ್ಮೆ ಹಾಕಲು ಧೈರ್ಯ ಸಾಲದು. ಹೀಗಾಗಿ ಹಾರ್ಡ್ ಡಿಸ್ಕಿನಲ್ಲಿರುವ ಫೈಲೇ ಈಗ ಮೂಲಪ್ರತಿ.

ಕ್ಯಾಸೆಟ್‌ನಿಂದ ಇಳಿಸಿದ ಧ್ವನಿ ಸುಮಾರು 1 ಟಿಬಿ ಇದೆ. ಮಿನಿ ಡಿವಿ ಟೇಪುಗಳ ವಿಡಿಯೊ ಒಂದೂವರೆ, ಈಚಿನ ಎಚ್‌ಡಿ ವಿಡಿಯೊ ಎರಡೂವರೆ, ಫೋಟೊಗಳು ಒಂದು. ಒಟ್ಟು 6 ಟಿಬಿ. ಮನೆಯ ನೆಟ್‌ವರ್ಕಿಗೆ ಜೋಡಿಸುವ, ಎರಡು ಡಿಸ್ಕುಗಳ ನ್ಯಾಸ್ ಪೆಟ್ಟಿಗೆಯೊಂದರಲ್ಲಿ ಪ್ರತಿಬಿಂಬವಾಗಿ, ಅಂದರೆ ಎರಡೂ ಡಿಸ್ಕಿನಲ್ಲಿ ಅದೇ ಫೈಲ್‌ಗಳಿರುವಂತೆ, ಇಟ್ಟಿದ್ದೇನೆ. ಇದಲ್ಲದೆ ಗೂಗಲ್ ಒನ್‌ನಲ್ಲಿ 2 ಟಿಬಿ ಜಾಗಕ್ಕೆ ಹಣ ಕಟ್ಟುತ್ತಿದ್ದೇನೆ. ಇಷ್ಟು ಸಾಕೇ? ಸಾಲದಿದ್ದರೆ ಯಾವ ತಂತ್ರಾಂಶ ಆರಿಸಿಕೊಳ್ಳಲಿ? ನನ್ನದು ವಿಂಡೋಸ್, ತಂಗಿಯದು ಮ್ಯಾಕ್. ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡುವ ಅಭ್ಯಾಸ ಇಬ್ಬರಿಗೂ ಇಲ್ಲ. ಫೈಲ್‌ಗಳ ಹೆಸರು ಬಹುಪಾಲು ಕನ್ನಡದಲ್ಲಿವೆ.

ಹಕ್ಕಿನೋಟ, ಮೈಸೂರು

ಮೊದಲನೆಯದಾಗಿ, ಇಷ್ಟು ದೊಡ್ಡ ಕೆಲಸ ಮಾಡಿದ್ದಕ್ಕೆ ಅಭಿನಂದನೆ.

ಹಕ್ಕಿಗಳ ಚಿತ್ರ ತೆಗೆಯುವ ನನಗೆ ಬ್ಯಾಕ್‌ಬ್ಲೇಜ್ ಪರ್ಸನಲ್ ಎಂಬ ಕ್ಲೌಡ್ ಬ್ಯಾಕಪ್ ಸೇವೆ ಒಗ್ಗಿದೆ. ನಾನು ನೋಡಿದಾಗ ಒಂದು ಕಂಪ್ಯೂಟರಿಗೆ ವರ್ಷಕ್ಕೆ 99 ಡಾಲರ್ ಇತ್ತು. ಅದಕ್ಕೆ ಜೋಡಿಸಿದ ಡಿಸ್ಕುಗಳಲ್ಲಿ ಎಷ್ಟೇ ಇದ್ದರೂ ಅಷ್ಟೇ ದರ. ಸ್ಥಾಪಿಸಿದ ಮೇಲೆ ಏನನ್ನೂ ಆರಿಸಬೇಕಾಗಿಲ್ಲ, ಅದರ ಪಾಡಿಗೆ ಅದು ಕಳುಹಿಸುತ್ತಿರುತ್ತದೆ. ಆದರೆ ಎರಡು ಷರತ್ತುಗಳು ನಿಮಗೆ ಅಡ್ಡ ಬರುತ್ತವೆ. ನ್ಯಾಸ್ ಪೆಟ್ಟಿಗೆಯನ್ನು ಈ ಯೋಜನೆ ಮುಟ್ಟುವುದಿಲ್ಲ, ಯುಎಸ್‌ಬಿಯಲ್ಲಿ ನೇರ ಜೋಡಿಸಿದ ಡಿಸ್ಕು ಮಾತ್ರ ನಡೆಯುತ್ತದೆ. ಹೊರಗಿನ ಡಿಸ್ಕನ್ನು 30 ದಿನಕ್ಕೊಮ್ಮೆಯಾದರೂ ಜೋಡಿಸಲೇಬೇಕು. ಹಳೆಯ ಆವೃತ್ತಿಗಳನ್ನು ಇಡುವ ಅವಧಿಯನ್ನು ಒಂದು ವರ್ಷಕ್ಕೆ ಹೆಚ್ಚಿಸಿಕೊಳ್ಳದಿದ್ದರೆ, 30 ದಿನ ಕಾಣದ ಡಿಸ್ಕಿನ ಪ್ರತಿ ಅಲ್ಲಿಂದ ಅಳಿದುಹೋಗುತ್ತದೆ. ಕಪಾಟಿನಲ್ಲಿ ಡಿಸ್ಕು ಇಟ್ಟು ಮರೆಯುವವರು ಆ ಆಯ್ಕೆಯನ್ನು ಮೊದಲ ದಿನವೇ ಬದಲಿಸಿಕೊಳ್ಳಬೇಕು.

ಬಿದಿರುಮಳೆ, ಬೆಂಗಳೂರು

ಮದ್ದಳೆದನಿಯವರೇ, ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ನ್ಯಾಸ್‌ನಲ್ಲಿರುವ ಪ್ರತಿಬಿಂಬ ಬ್ಯಾಕಪ್ ಅಲ್ಲ. ಒಂದು ಡಿಸ್ಕು ಕೆಟ್ಟಾಗ ಕೆಲಸ ನಿಲ್ಲದಿರಲಿ ಎಂದು ಅದು ಇದೆ. ನೀವು ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕುಗಳಿಂದ ಆ ಕ್ಷಣವೇ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಗೂಗಲ್ ಡ್ರೈವ್ ಸಿಂಕ್ ಕೂಡ ಹಾಗೆಯೇ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಇಲ್ಲವಾಗುತ್ತದೆ. ಒಂದು ರಾತ್ರಿಯ ಆಟದ ಫೈಲ್ ಕಾಣೆಯಾದದ್ದು ನಿಮಗೆ ಒಂದು ತಿಂಗಳೊಳಗೆ ಗೊತ್ತಾಗುತ್ತದೆಯೇ? ನನ್ನ ಅನುಭವದಲ್ಲಿ ಇಂಥ ನಷ್ಟ ಗೊತ್ತಾಗುವುದು ವರ್ಷಗಳ ಮೇಲೆ, ಯಾರೋ ಬಂದು ಅದನ್ನೇ ಕೇಳಿದಾಗ.

ಇನ್ನು ಆಯ್ಕೆಯ ಮಾತು. ಬ್ಯಾಕಪ್ ಮಾಡುವ ತಂತ್ರಾಂಶ ಬೇರೆ, ಜಾಗ ಬಾಡಿಗೆಗೆ ಕೊಡುವ ಕಂಪನಿ ಬೇರೆ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ 'ಮಿತಿಯಿಲ್ಲದ ಜಾಗ' ಎಂಬ ಮಾತು ಎಷ್ಟು ಸಲ ಮುರಿದಿದೆ ಎಂಬುದು ನಮ್ಮ ಕಣ್ಣೆದುರಿಗೇ ಇದೆ. ಒನ್‌ಡ್ರೈವ್ 2015ರಲ್ಲಿ ಹಿಂತೆಗೆದುಕೊಂಡಿತು. ಅಮೆಜಾನ್ ಡ್ರೈವ್ 2017ರಲ್ಲಿ ಮಿತಿ ಹಾಕಿ, 2023ರ ಕೊನೆಯ ದಿನ ಬಾಗಿಲನ್ನೇ ಮುಚ್ಚಿತು. ಕ್ರ್ಯಾಶ್‌ಪ್ಲಾನ್ ಕಂಪನಿಯವರು ಮನೆಬಳಕೆದಾರರ ಯೋಜನೆಯನ್ನು ನಿಲ್ಲಿಸುವುದಾಗಿ 2017ರ ಆಗಸ್ಟ್‌ನಲ್ಲಿ ತಿಳಿಸಿ 2018ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಗೂಗಲ್ ಫೋಟೋಸ್ 2021ರ ಜೂನ್ 1ಕ್ಕೆ, ಡ್ರಾಪ್‌ಬಾಕ್ಸ್‌ನ ವ್ಯಾಪಾರಿ ಯೋಜನೆ 2023ರಲ್ಲಿ. ತಂತ್ರಾಂಶ, ಜಾಗ ಎರಡೂ ಒಬ್ಬರದೇ ಆಗಿದ್ದರೆ ಅವರು ನಿಲ್ಲಿಸಿದ ದಿನ ನೀವು ಎಲ್ಲವನ್ನೂ ಹೊಸದಾಗಿ ಕಲಿತು ಹೊಸದಾಗಿ ಕಳುಹಿಸಬೇಕು. ಎರಡೂ ಬೇರೆಯಾಗಿದ್ದರೆ ಜಾಗ ಮಾತ್ರ ಬದಲಾಗುತ್ತದೆ.

ಹಾಗೆ ಬೇರೆಯಾಗಿ ನಿಲ್ಲುವ ಒಳ್ಳೆಯ ಮುಕ್ತ ತಂತ್ರಾಂಶಗಳು ಮೂರು: ರೆಸ್ಟಿಕ್, ಬೋರ್ಗ್, ಕೋಪಿಯಾ. ಮೂರೂ ನಿಮ್ಮ ಕಂಪ್ಯೂಟರಿನಲ್ಲೇ ಗೂಢಲಿಪೀಕರಿಸಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ, ಆಮೇಲೆ ಕಳುಹಿಸುತ್ತವೆ. ಫೈಲನ್ನು ತುಂಡುಗಳಾಗಿಸಿ, ಒಮ್ಮೆ ಹೋದ ತುಂಡನ್ನು ಮತ್ತೆ ಕಳುಹಿಸುವುದಿಲ್ಲ. ಮೂರರಲ್ಲಿ ಬೋರ್ಗ್‌ಗೆ ವಿಂಡೋಸ್ ಹೊಂದುವುದಿಲ್ಲ. ರೆಸ್ಟಿಕ್ ನನಗೆ ಅಚ್ಚುಮೆಚ್ಚು, ಆದರೆ ಅದು ಆದೇಶಗಳನ್ನು ಟೈಪ್ ಮಾಡಿ ನಡೆಸುವ ತಂತ್ರಾಂಶ. ನಿಮಗೆ ಕೋಪಿಯಾ. ಅದಕ್ಕೆ ಚಿತ್ರರೂಪದ ಮುಖಪುಟವಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರ ಮೂಲ ನಿಯಮದಲ್ಲಿ 24 ಮಾಸಿಕ, 3 ವಾರ್ಷಿಕ ಪ್ರತಿಗಳು ಉಳಿಯುತ್ತವೆ. ನಿಮ್ಮಂಥವರು ವಾರ್ಷಿಕವನ್ನು ಹತ್ತಕ್ಕೆ ಏರಿಸಿಕೊಳ್ಳಿ. ಈ ಫೈಲುಗಳು ಬದಲಾಗುವುದಿಲ್ಲವಾದ್ದರಿಂದ ಹೆಚ್ಚುವರಿ ಜಾಗ ಹಿಡಿಯುವುದು ಅತ್ಯಲ್ಪ.

ಕಾಫಿಹೂ, ಸೋಮವಾರಪೇಟೆ

ನಾನು ಬೇರೆ ಮಾತು ಹೇಳುತ್ತೇನೆ. ಕ್ಲೌಡ್ ಏಕೆ ಬೇಕು? ನಮ್ಮ ತೋಟದ ಮನೆಗೆ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಸಿಕ್ಕರೆ ಹೆಚ್ಚು. ಆ ವೇಗದಲ್ಲಿ 6 ಟಿಬಿ ಕಳುಹಿಸಲು ಒಂದು ಕ್ಷಣವೂ ನಿಲ್ಲದೆ 55 ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ವಿದ್ಯುತ್ತೇ ಇರುವುದಿಲ್ಲ. ಎರಡು ಹಾರ್ಡ್ ಡಿಸ್ಕು ತಂದು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಮೈಸೂರಿನ ಭಾವನವರ ಮನೆಯಲ್ಲಿ ಇಟ್ಟಿದ್ದೇನೆ. ಹಬ್ಬಕ್ಕೆ ಹೋದಾಗ ಅದಲುಬದಲು. ತಿಂಗಳ ಬಾಡಿಗೆ ಇಲ್ಲ, ವಿದೇಶಿ ಕಾರ್ಡಿನ ರಗಳೆ ಇಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟು ಹೊರಟ ಎಷ್ಟೋ ಮಂದಿಗೆ ಮದುವೆ ಫೋಟೊ ಎತ್ತಿಕೊಳ್ಳಲೂ ಆಗಲಿಲ್ಲ. ಆದ್ದರಿಂದ ಒಂದು ಪ್ರತಿ ಊರ ಹೊರಗೆ ಇರಲೇಬೇಕು ಎಂಬುದನ್ನು ಒಪ್ಪುತ್ತೇನೆ. ಅದು ಅಮೆರಿಕದಲ್ಲಿ ಇರಬೇಕು ಎಂಬುದನ್ನು ಒಪ್ಪಲಾರೆ.

ಬಿದಿರುಮಳೆ, ಬೆಂಗಳೂರು

ಕಾಫಿಹೂ ಅವರೇ, ನಿಮ್ಮ ಏರ್ಪಾಡು ಚೆನ್ನಾಗಿದೆ. ಎಷ್ಟೋ ಕಚೇರಿಗಳಲ್ಲಿ ಇಷ್ಟೂ ಇರುವುದಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಎಂಬ ಸೂತ್ರ ಕೇಳುವುದೂ ಅದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಊರಾಚೆ. ಭಾವನವರ ಮನೆಯೂ ಊರಾಚೆಯೇ.

ಆದರೆ ಒಂದು ಮಾತು. ಬ್ಯಾಕ್‌ಬ್ಲೇಜ್ ಕಂಪನಿ 2013ರಿಂದ ತನ್ನ ಡಿಸ್ಕುಗಳು ಕೆಡುವ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. 2024ರಲ್ಲಿ ನೂರಕ್ಕೆ ಸುಮಾರು ಒಂದೂವರೆ ಡಿಸ್ಕು ಕೆಟ್ಟವು. ಅದು ಹವಾನಿಯಂತ್ರಿತ ಕೋಣೆಯಲ್ಲಿ, ದಿನವಿಡೀ ಯಾರಾದರೂ ಗಮನಿಸುತ್ತಿರುವ ಡಿಸ್ಕುಗಳ ಲೆಕ್ಕ. ಕಪಾಟಿನಲ್ಲಿ ಮಲಗಿದ ಡಿಸ್ಕು ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಬೇಕಾದ ದಿನವೇ ಗೊತ್ತಾಗುತ್ತದೆ. ಅದಲುಬದಲು ಮಾಡುವಾಗ ಪ್ರತಿ ಸಲವೂ ಪೂರ್ತಿ ಓದಿಸಿ ತಾಳೆ ನೋಡುತ್ತೀರಾದರೆ ನನ್ನ ತಕರಾರಿಲ್ಲ.

ಕಾಫಿಹೂ, ಸೋಮವಾರಪೇಟೆ

ತೆರೆದು ನಾಲ್ಕು ಫೋಟೊ ನೋಡುತ್ತೇನೆ, ಅಷ್ಟೇ. ಪೂರ್ತಿ ಓದಿಸುವುದು ಹೇಗೆ?

ಬಿದಿರುಮಳೆ, ಬೆಂಗಳೂರು

ಆ ಡಿಸ್ಕಿಗೂ ಕೋಪಿಯಾದಿಂದಲೇ ಬ್ಯಾಕಪ್ ಮಾಡಿ. ಕ್ಲೌಡ್ ಬೇಕೆಂದೇನೂ ಇಲ್ಲ, ಡಿಸ್ಕಿನ ಒಂದು ಫೋಲ್ಡರನ್ನೇ ಅದು ಭಂಡಾರವಾಗಿ ಬಳಸುತ್ತದೆ. ಪರಿಶೀಲನೆಯ ಆದೇಶದಲ್ಲಿ ಫೈಲ್‌ಗಳಲ್ಲಿ ಶೇಕಡಾ ಇಷ್ಟನ್ನು ಪೂರ್ತಿ ಓದಿ ತಾಳೆ ನೋಡು ಎಂದು ಹೇಳಬಹುದು. ಕೊಟ್ಟು ಮಲಗಿ, ಬೆಳಿಗ್ಗೆ ಫಲಿತಾಂಶ ನೋಡಿ.

ಗ್ರಂಥಪಾಲಕ, ಧಾರವಾಡ

ಕನ್ನಡದ ಫೈಲ್ ಹೆಸರುಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ನಿವೃತ್ತನಾಗುವವರೆಗೂ ಇದರೊಂದಿಗೇ ಗುದ್ದಾಡಿದವನು ನಾನು, ಆದ್ದರಿಂದ ಹೇಳಲೇಬೇಕು.

'ಹೊನ್ನಾವರ' ಎಂಬ ಹೆಸರನ್ನೇ ತೆಗೆದುಕೊಳ್ಳಿ. 'ಹೊ' ಅಕ್ಷರದ ಒಕಾರ ಚಿಹ್ನೆಯನ್ನು, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳೆರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು. ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತಿತ್ತು. ವಿಂಡೋಸ್, ಲಿನಕ್ಸ್ ನೀವು ಕೊಟ್ಟಂತೆಯೇ ಇಡುತ್ತವೆ. ತಂಗಿಯವರ ಮ್ಯಾಕ್ ಹಳೆಯದಾಗಿದ್ದು, ಒಂದೇ ಫೋಲ್ಡರ್ ಅದಕ್ಕೂ ನಿಮ್ಮ ವಿಂಡೋಸಿಗೂ ಓಡಾಡಿದ್ದರೆ 'ಹೊನ್ನಾವರ' ಎಂಬ ಫೋಲ್ಡರ್ ಎರಡೆರಡು ಇರುವ ಸಂಭವವಿದೆ. 'ಗೋಕರ್ಣ', 'ಕೋಟ' ಇವಕ್ಕೂ ಇದೇ ಪಾಡು. ಬ್ಯಾಕಪ್‌ಗೆ ಮೊದಲು ಇದನ್ನು ಒಮ್ಮೆ ನೋಡಿ.

ಇನ್ನೊಂದು, ಉದ್ದ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ನಾಲ್ಕೇ ಅಕ್ಷರದ 'ಹೊನ್ನಾವರ' 24 ಬೈಟ್ ಹಿಡಿಯುತ್ತದೆ. ಲಿನಕ್ಸ್ ಆಧಾರದ ನ್ಯಾಸ್‌ಗಳಲ್ಲಿ ಒಂದು ಫೈಲ್ ಹೆಸರಿಗೆ ಇರುವ ಮಿತಿ 255 ಬೈಟ್. ಪ್ರಸಂಗ, ಊರು, ದಿನಾಂಕ, ಭಾಗವತರು, ಅರ್ಥಧಾರಿಗಳು ಎಂದು ಎಲ್ಲವನ್ನೂ ಹೆಸರಿನಲ್ಲೇ ತುರುಕಿದರೆ ಆ ಮಿತಿ ಬೇಗ ತಾಗುತ್ತದೆ. ಹೆಸರಿನಲ್ಲಿ ದಿನಾಂಕ, ಊರು, ಪ್ರಸಂಗ ಸಾಕು. ಉಳಿದದ್ದಕ್ಕೆ ಪ್ರತಿ ಫೋಲ್ಡರಿನಲ್ಲಿ ಒಂದು ಸರಳ ಪಠ್ಯ ಕಡತ ಇಡಿ. ಕ್ಯಾಸೆಟ್ಟಿನ ಮೇಲೆ ತಂದೆಯವರು ಕೈಯಾರೆ ಬರೆದ ಚೀಟಿಯ ಫೋಟೊ ಅದರ ಪಕ್ಕದಲ್ಲೇ ಇರಲಿ. ಯಾವ ಆಟ ಎಂದು ಗೊತ್ತಿಲ್ಲದ ಎಂಟು ಗಂಟೆಯ ಧ್ವನಿಯನ್ನು ಎಷ್ಟು ಭದ್ರವಾಗಿಟ್ಟರೂ ಕೇಳುವವರು ಸಿಗುವುದಿಲ್ಲ.

ಹಳೆಯ ಪಟ್ಟಿಗಳೇನಾದರೂ 'ನುಡಿ' ಅಥವಾ 'ಬರಹ' ತಂತ್ರಾಂಶಗಳ ಹಿಂದಿನ ಸಂಕೇತಗಳಲ್ಲಿದ್ದರೆ ಈಗಲೇ ಯೂನಿಕೋಡಿಗೆ ಪರಿವರ್ತಿಸಿ. ಮೂಲ ಕಡತ ಮತ್ತು ಅದರ ಫಾಂಟ್ ಕೂಡ ಬ್ಯಾಕಪ್‌ನಲ್ಲಿರಲಿ.

ಬಿದಿರುಮಳೆ, ಬೆಂಗಳೂರು

ಗ್ರಂಥಪಾಲಕರು ಹೇಳಿದ್ದು ತಂತ್ರಾಂಶದ ಆಯ್ಕೆಗೂ ತಟ್ಟುತ್ತದೆ. ಕ್ಲೌಡ್‌ಗೆ ಫೈಲ್ ನಕಲಿಸುವ ಆರ್‌ಕ್ಲೋನ್ ಎಂಬ ತಂತ್ರಾಂಶದ ಗೂಢಲಿಪಿ ಸೌಲಭ್ಯವನ್ನು ಬಹಳ ಜನ ಬಳಸುತ್ತಾರೆ. ಅದು ಒಂದೊಂದು ಫೈಲಿನ ಹೆಸರನ್ನೂ ಗೂಢಲಿಪಿಗೆ ತಿರುಗಿಸುವುದರಿಂದ ಹೆಸರು ಹಿಗ್ಗುತ್ತದೆ. 255 ಬೈಟ್ ಮಿತಿಯ ಜಾಗದಲ್ಲಿ ಮೂಲ ಹೆಸರು 143 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಅದು 143 ಅಕ್ಷರ. ಕನ್ನಡದಲ್ಲಿ 47 ಸಂಕೇತ, ಅಂದರೆ ಇಪ್ಪತ್ತು ಇಪ್ಪತ್ತೈದು ಅಕ್ಷರ. ಅಲ್ಲಿಗೆ ಮುಗಿಯಿತು. ಕೋಪಿಯಾ, ರೆಸ್ಟಿಕ್‌ಗಳಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಹೆಸರುಗಳು ಭಂಡಾರದ ಒಳಗೆ ಅಡಗಿರುತ್ತವೆ.

ಅಷ್ಟೇ ಅಲ್ಲ, ಮುಂದೆ ಎಂದಾದರೂ ಹೆಸರುಗಳನ್ನೆಲ್ಲ ತಿದ್ದಿದರೂ ಚಿಂತೆಯಿಲ್ಲ. ಒಳಗಿನ ತುಂಡುಗಳು ಅವೇ ಆದ್ದರಿಂದ ಏನನ್ನೂ ಮತ್ತೆ ಕಳುಹಿಸುವುದಿಲ್ಲ, ಹೊಸ ಹೆಸರಿನ ಪಟ್ಟಿ ಮಾತ್ರ ಹೋಗುತ್ತದೆ. ಪಟ್ಟಿ ಸರಿಪಡಿಸಿದ ಮೇಲೆ ಬ್ಯಾಕಪ್ ಮಾಡೋಣ ಎಂದು ದಯವಿಟ್ಟು ಕಾಯಬೇಡಿ.

ಮದ್ದಳೆದನಿ, ಹೊನ್ನಾವರ

ಎಲ್ಲರಿಗೂ ಕೃತಜ್ಞತೆಗಳು. 'ಹೊನ್ನಾವರ' ನಿಜಕ್ಕೂ ಎರಡು ಇದ್ದವು, ಒಂದರಲ್ಲಿ ಅರ್ಧ ಫೈಲ್, ಇನ್ನೊಂದರಲ್ಲಿ ಉಳಿದರ್ಧ. ಗ್ರಂಥಪಾಲಕರಿಗೆ ನಮಸ್ಕಾರ.

ಈಗ ಜಾಗದ ಪ್ರಶ್ನೆ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ ಟಿಬಿಗೆ ತಿಂಗಳಿಗೆ ಒಂದೇ ಡಾಲರ್ ಎಂದು ಒಬ್ಬರು ಹೇಳಿದರು. 6 ಟಿಬಿಗೆ ಆರೇ ಡಾಲರ್ ಆಗುತ್ತದಲ್ಲ, ಅದನ್ನೇ ಹಿಡಿಯಲೇ?

ನೆಕ್ಕರ್ ದಂಡೆ, ಸ್ಟುಟ್‌ಗಾರ್ಟ್

ಇಡುವ ದರ ನಿಜ. ಆದರೆ ಹೊರತೆಗೆಯುವ ದರವನ್ನೂ ಕೇಳಿ. ಮೊದಲು ಫೈಲ್‌ಗಳು ಇಳಿಸಿಕೊಳ್ಳಲು ಸಿದ್ಧವಾಗುವುದಕ್ಕೇ 12ರಿಂದ 48 ಗಂಟೆ ಕಾಯಬೇಕು. ಆಮೇಲೆ ಇಂಟರ್ನೆಟ್ ಮೂಲಕ ಇಳಿಸಿಕೊಳ್ಳಲು, ಅಮೆರಿಕದ ಕೇಂದ್ರಗಳಿಂದಾದರೆ ಜಿಬಿಗೆ 9 ಸೆಂಟ್. 6 ಟಿಬಿ ವಾಪಸು ಬರಲು 500 ಡಾಲರ್ ದಾಟುತ್ತದೆ. ಮುಂಬೈ ಕೇಂದ್ರದಿಂದ ಇನ್ನೂ ಹೆಚ್ಚು. 180 ದಿನಕ್ಕೆ ಮುಂಚೆ ಅಳಿಸಿದರೂ ಅಷ್ಟು ದಿನದ ಬಾಡಿಗೆ ಕೊಡಲೇಬೇಕು. ದುಡ್ಡಿಗಿಂತ ನನ್ನನ್ನು ಕಾಡುವುದು ಇದು: ಹೊರತೆಗೆಯಲು ದುಬಾರಿಯಾದರೆ ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಪರೀಕ್ಷಿಸದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಾನು ಇಲ್ಲಿನ ಹೆಟ್ಜ್ನರ್ ಕಂಪನಿಯ ಸ್ಟೋರೇಜ್ ಬಾಕ್ಸ್ ಎಂಬ ಬಾಡಿಗೆ ಜಾಗ ಬಳಸುತ್ತೇನೆ. ನಾನು ನೋಡಿದಾಗ 10 ಟಿಬಿಗೆ ತಿಂಗಳಿಗೆ 20 ಯೂರೋಗಿಂತ ತುಸು ಹೆಚ್ಚಿತ್ತು. ಜರ್ಮನಿ, ಫಿನ್ಲೆಂಡ್‌ಗಳಲ್ಲಿ ಕೇಂದ್ರಗಳಿವೆ, ಇಳಿಸಿಕೊಳ್ಳಲು ಬೇರೆ ಶುಲ್ಕವಿಲ್ಲ. ಆದರೆ ಅವರೇ ಸ್ಪಷ್ಟವಾಗಿ ಬರೆದಿರುವಂತೆ, ನಿಮ್ಮ ಪೆಟ್ಟಿಗೆಯ ನಕಲು ಇನ್ನೊಂದು ಸರ್ವರಿನಲ್ಲಿ ಇರುವುದಿಲ್ಲ. ಭಾರತದಿಂದ ಕಳುಹಿಸುವಾಗ ವೇಗ ತಗ್ಗಲೂಬಹುದು.

ದೊಡ್ಡ ಕೇಂದ್ರಗಳಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬೇಡ. 2021ರ ಮಾರ್ಚ್ 10ರಂದು ಇಲ್ಲಿಗೆ ಹತ್ತಿರದ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ 858 ಟಿಬಿಯ ಭಂಡಾರ ನಾಶವಾಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಆದ್ದರಿಂದ ಕ್ಲೌಡ್‌ಗೆ ಹಾಕಿದ ಮೇಲೆ ಮನೆಯ ಡಿಸ್ಕನ್ನು ಬಿಸಾಡಬೇಡಿ.

ಬಿದಿರುಮಳೆ, ಬೆಂಗಳೂರು

ಮದ್ದಳೆದನಿಯವರಿಗೆ ನನ್ನ ಸಲಹೆ ಬ್ಯಾಕ್‌ಬ್ಲೇಜ್‌ನ ಬಿ2. ಹಕ್ಕಿನೋಟ ಅವರು ಹೇಳಿದ ಯೋಜನೆಯಲ್ಲ, ಅದೇ ಕಂಪನಿಯ ಬೇರೆ ಸೇವೆ. ನಾನು ನೋಡಿದಾಗ ಟಿಬಿಗೆ ತಿಂಗಳಿಗೆ 6 ಡಾಲರ್ ಇತ್ತು. ಇಟ್ಟಿರುವುದರ ಮೂರು ಪಟ್ಟಿನವರೆಗೆ ಪ್ರತಿ ತಿಂಗಳೂ ಉಚಿತವಾಗಿ ಇಳಿಸಿಕೊಳ್ಳಬಹುದು. ವಸಾಬಿ ಎಂಬ ಇನ್ನೊಂದು ಕಂಪನಿಯದು ಆಗ 7 ಡಾಲರಿನ ಆಸುಪಾಸು, ಅಳಿಸಿದರೂ 90 ದಿನದ ಬಾಡಿಗೆ ಕೊಡಬೇಕು. ಕೋಪಿಯಾ ಎರಡಕ್ಕೂ ಹೊಂದುತ್ತದೆ.

6 ಟಿಬಿಯನ್ನೂ ಕಳುಹಿಸಬೇಕೆಂದಿಲ್ಲ. ಕ್ಯಾಸೆಟ್ ಮತ್ತು ಮಿನಿ ಡಿವಿ ಸೇರಿ ಎರಡೂವರೆ ಟಿಬಿ. ಜಗತ್ತಿನಲ್ಲಿ ಬೇರೆಲ್ಲೂ ಸಿಗದಿರುವುದು ಅದು. ಆ ದರದಲ್ಲಿ ತಿಂಗಳಿಗೆ 15 ಡಾಲರ್. ಈಚಿನ ಎಚ್‌ಡಿ ವಿಡಿಯೊಗಳಲ್ಲಿ ಎಷ್ಟೋ ಆಟಗಳನ್ನು ಇನ್ನೂ ಹತ್ತು ಜನ ಚಿತ್ರೀಕರಿಸಿರುತ್ತಾರೆ. ಅವನ್ನು ಕಾಫಿಹೂ ಅವರಂತೆ ತಂಗಿಯ ಮನೆಯ ಡಿಸ್ಕಿಗೆ ಹಾಕಿ. ಗೂಗಲ್ ಒನ್ ಇರಲಿ, ಕೇಳುಗರಿಗೆ ಹಂಚಲು ಅನುಕೂಲ.

ಗ್ರಂಥಪಾಲಕ, ಧಾರವಾಡ

ನಡುವೆ ಒಂದು ಮಾತು. ಧ್ವನಿ ಫೈಲ್‌ಗಳು ವೇವ್ ಎಂಬ ಕುಗ್ಗಿಸದ ರೂಪದಲ್ಲಿದ್ದರೆ ಫ್ಲ್ಯಾಕ್ ಎಂಬ ಕುಗ್ಗಿಸಿದ ರೂಪಕ್ಕೆ ಬದಲಿಸಿ. ಗುಣಮಟ್ಟ ಎಳ್ಳಷ್ಟೂ ತಗ್ಗುವುದಿಲ್ಲ, ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೂಲ ಧ್ವನಿಯ ತಾಳೆಸಂಖ್ಯೆ (ಅದರ ಅಂಕಿಗಳಿಂದ ಲೆಕ್ಕ ಹಾಕಿದ ಗುರುತು) ಫ್ಲ್ಯಾಕ್ ಫೈಲಿನೊಳಗೇ ಇರುವುದರಿಂದ ಇಪ್ಪತ್ತು ವರ್ಷದ ಮೇಲೂ ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು. ಮಿನಿ ಡಿವಿಯನ್ನು ಮಾತ್ರ ಕುಗ್ಗಿಸಬೇಡಿ. ಗಂಟೆಗೆ 13 ಜಿಬಿ ಹಿಡಿದರೂ ಟೇಪಿನಲ್ಲಿದ್ದ ಅಂಕಿಗಳು ಇದ್ದಂತೆಯೇ ಇರಲಿ.

ಹಕ್ಕಿನೋಟ, ಮೈಸೂರು

ಕಳುಹಿಸುವ ಮುನ್ನ ಎರಡು ವ್ಯಾವಹಾರಿಕ ವಿಷಯಗಳು.

ಮನೆಗಳ ಫೈಬರ್ ಯೋಜನೆಗಳಲ್ಲಿ 'ಅನ್‌ಲಿಮಿಟೆಡ್' ಎಂದಿದ್ದರೂ ಸಾಮಾನ್ಯವಾಗಿ ತಿಂಗಳಿಗೆ 3300 ಜಿಬಿ ಮಿತಿಯಿರುತ್ತದೆ, ಅಪ್‌ಲೋಡ್ ಕೂಡ ಅದರಲ್ಲೇ ಸೇರುತ್ತದೆ. ಎರಡೂವರೆ ಟಿಬಿ ಒಂದೇ ತಿಂಗಳಲ್ಲಿ ಹೋದರೆ ಮನೆಯವರಿಗೆ ಉಳಿಯುವುದು ಸ್ವಲ್ಪವೇ. ಕೋಪಿಯಾದಲ್ಲಿ ವೇಗಕ್ಕೆ ಮಿತಿ ಹಾಕಿ ಎರಡು ತಿಂಗಳಿಗೆ ಹಂಚಿಕೊಳ್ಳಿ. ವಿದ್ಯುತ್ ಹೋದರೆ ಗಾಬರಿ ಬೇಡ, ಮತ್ತೆ ಶುರು ಮಾಡಿದಾಗ ಆಗಲೇ ಹೋದ ತುಂಡುಗಳನ್ನು ಬಿಟ್ಟು ಮುಂದುವರಿಯುತ್ತದೆ.

ಇನ್ನೊಂದು ಹಣ ಪಾವತಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ವಿದೇಶಿ ಕಂಪನಿಗಳ ಕಂತು ಎಷ್ಟೋ ಜನರಿಗೆ ನಿಂತುಹೋಯಿತು. ಕಂತು ನಿಂತರೆ ಕಂಪನಿ ಕೆಲವು ದಿನ ಕಾದು ಖಾತೆಯನ್ನು ಮುಚ್ಚುತ್ತದೆ. ದಿನವೂ ನೋಡುವ ಮಿಂಚಂಚೆ ವಿಳಾಸವನ್ನೇ ಕೊಡಿ, ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಾಲರ್ ದರದ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ, ಶೇಕಡಾ 18 ಜಿಎಸ್‌ಟಿ ಸೇರಬಹುದೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಮದ್ದಳೆದನಿ, ಹೊನ್ನಾವರ

ಕೋಪಿಯಾ ಮತ್ತು ಬಿ2 ಎಂದು ನಿರ್ಧರಿಸಿ ಶುರು ಮಾಡಿದ್ದೇನೆ. ಮೊದಲು ಕಳುಹಿಸಿದ್ದು ಪುಡಿ ಉದುರುವ ಕ್ಯಾಸೆಟ್‌ಗಳದ್ದು. ನೆಕ್ಕರ್ ದಂಡೆಯವರ ಮಾತಿನಂತೆ ಪೂರ್ತಿ ಹೋಗುವ ಮೊದಲೇ ಪರೀಕ್ಷೆಯನ್ನೂ ಮಾಡಿದೆವು. ತಂಗಿ ತನ್ನ ಮ್ಯಾಕ್‌ನಲ್ಲಿ ಕೋಪಿಯಾ ಹಾಕಿಕೊಂಡು, ನನ್ನ ಸಹಾಯವಿಲ್ಲದೆ, ಗೋಕರ್ಣದ ಒಂದು ತಾಳಮದ್ದಳೆಯನ್ನು ಇಳಿಸಿಕೊಂಡಳು. ಹೆಸರು ಸರಿಯಾಗಿ ಬಂದಿದೆ, ತಾಳೆಸಂಖ್ಯೆ ಹೊಂದಿದೆ. ನಡುರಾತ್ರಿಯ ಭಾಗವನ್ನು ಕೇಳಿ ನೋಡಿದೆವು. ಪದ್ಯದ ನಡುವೆ ಯಾರೋ ಚಹದ ಲೋಟ ಇಟ್ಟ ಸದ್ದೂ ಹಾಗೆಯೇ ಇದೆ.

ಒಂದೇ ಅಳುಕು. ಪಾಸ್‌ವರ್ಡ್ ಕಳೆದರೆ ಯಾರಿಂದಲೂ ತೆರೆಯಲಾಗದು ಎಂದು ಅದು ಎಚ್ಚರಿಸುತ್ತದೆ. ಇದನ್ನು ಎಲ್ಲಿ ಇಡುವುದು?

ಗ್ರಂಥಪಾಲಕ, ಧಾರವಾಡ

ಕಾಗದದ ಮೇಲೆ. ಪಾಸ್‌ವರ್ಡ್, ತಂತ್ರಾಂಶದ ಹೆಸರು, ಬಿ2 ಖಾತೆಯ ಮಿಂಚಂಚೆ ವಿಳಾಸ, ಭಂಡಾರದ ಹೆಸರು, ಪ್ರವೇಶದ ಕೀಲಿ, ಇಳಿಸಿಕೊಳ್ಳುವ ಕ್ರಮ ಇಷ್ಟನ್ನೂ ಬರೆಯಿರಿ. ಒಂದು ಪ್ರತಿ ನಿಮ್ಮ ಮನೆಯ ಕಾಗದಪತ್ರಗಳ ಜೊತೆ, ಇನ್ನೊಂದು ತಂಗಿಯವರ ಮನೆಯಲ್ಲಿ. ಪೆನ್ಸಿಲ್ ಅಥವಾ ನೀರಿಗೆ ಹರಡದ ಶಾಯಿಯಲ್ಲಿ ಬರೆಯಿರಿ, ನಿಮ್ಮದು ಕರಾವಳಿ.

ಬಿದಿರುಮಳೆ, ಬೆಂಗಳೂರು

ಪಾಸ್‌ವರ್ಡಿನಲ್ಲಿ ಸೊನ್ನೆ ಮತ್ತು ಇಂಗ್ಲಿಷಿನ 'ಓ' ಎರಡೂ ಇದ್ದರೆ ಯಾವುದು ಯಾವುದೆಂದು ಪಕ್ಕದಲ್ಲಿ ಬರೆಯಿರಿ. ಬರೆದ ಮೇಲೆ ತಂಗಿಯವರು ಆ ಕಾಗದವೊಂದನ್ನೇ ನೋಡಿಕೊಂಡು ಇನ್ನೊಂದು ಆಟವನ್ನು ಇಳಿಸಿಕೊಳ್ಳಲಿ. ಈ ಸಲ ನೀವು ಫೋನ್ ಎತ್ತಬೇಡಿ.